ಅತ್ತೆಯ ಅಳತೆ

ಬಚ್ಚಲಿನ ನೆಲದ ಮೇಲೆ ಟೇಪಮ್ಮ ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಒದ್ದೆ ನೆಲದ ಮೇಲೆ ಹಿಡಿಯದು, ಇವಳು ಬಿಡಳು. ಷವರ್ ಈ ಮೂಲೆಗೆ ಬಂದರೆ ಬಾಗಿಲು ತಾಗುತ್ತದೆ. ಆ ಮೂಲೆಗೆ ಹೋದರೆ ಕಿಟಕಿಯ ಗಾಳಿ ನೇರ ಒದ್ದೆ ಮೈಗೆ. ಕಮೋಡನ್ನು ಒಂದು ಗೇಣು ಆಚೆ ಸರಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ, ಆದರೆ ಅದೇನು ಕುರ್ಚಿಯೇ, ಎತ್ತಿ ಆಚೆ ಇಡಲಿಕ್ಕೆ? ಮುಖ ತೊಳೆಯಲು ಬಾಗಿಲಲ್ಲಿ ಕಾದು ಸಾಕಾದ ಗಂಡ, ಬ್ರಷ್ಷು ಬಾಯಲ್ಲಿಟ್ಟುಕೊಂಡೇ, ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ಎಂದು ಗೊಣಗಿ ಹಿತ್ತಲ ನಲ್ಲಿಗೆ ನಡೆದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವನಿಗೆ ಕೆಟ್ಟದ್ದನ್ನು ರಿಪೇರಿ ಮಾಡುವುದು ಗೊತ್ತಿತ್ತೇ ಹೊರತು, ನೀರು ಬರುತ್ತಿರುವ ಬಚ್ಚಲನ್ನು ಯಾಕೆ ಒಡೆಯಬೇಕು ಎಂಬುದು ತಲೆಗೆ ಹತ್ತುತ್ತಿರಲಿಲ್ಲ.

ಒಡೆಯಲು ಕಾರಣ ಅತ್ತೆ. ಷವರಿನ ಜಾಗಕ್ಕೂ ಉಳಿದ ಬಚ್ಚಲಿಗೂ ನಡುವೆ, ನೀರು ಈಚೆ ಹರಿಯದಿರಲೆಂದು ಮಾವನ ಕಾಲದಲ್ಲಿ ಕಟ್ಟಿಸಿದ ಒಂದು ಗೇಣೆತ್ತರದ ಕಟ್ಟೆಯಿತ್ತು. ಅದನ್ನು ದಾಟಿಯೇ ಸ್ನಾನಕ್ಕೆ ಹೋಗಬೇಕು. ಹಿಂದಿನ ತಿಂಗಳು ಅತ್ತೆ ಅಲ್ಲಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಸೊಂಟದ ಪಕ್ಕ ನೀಲಿಗಟ್ಟಿತು ಅಷ್ಟೇ. ಕಟ್ಟೆ ಎಡವಿದೆ ಎಂದರು ಅತ್ತೆ. ಮನೆಮಂದಿಯೆಲ್ಲ ಸೇರಿ ಕಟ್ಟೆಯನ್ನು ಬೈದರು. ಅಂದಿನಿಂದ ಅವರು ಬಚ್ಚಲಲ್ಲಿ ಸ್ನಾನ ಮಾಡಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು, ಬೋಗುಣಿಯ ಬಿಸಿನೀರಿಗೆ ಟವೆಲ್ ಅದ್ದಿ ಮೈ ಒರೆಸಿಕೊಳ್ಳುತ್ತಾರೆ. ಒಳಗೆ ಯಾರನ್ನೂ ಬಿಡುವುದಿಲ್ಲ.

ಆ ಬೋಗುಣಿಯನ್ನು ನೋಡಿಯೇ ನಾದಿನಿಯ ಕಣ್ಣು ತುಂಬಿದ್ದು. ಅತ್ತೆಯ ಮಗಳು ಅವಳು, ಬೇರೆ ಊರಿನಲ್ಲಿ ಲಿಫ್ಟು, ಕಾವಲುಗಾರ, ಕರೆದರೆ ಬರುವ ನರ್ಸು ಎಲ್ಲ ಇರುವ ದೊಡ್ಡ ಕಟ್ಟಡದಲ್ಲಿ ಮನೆ ಮಾಡಿದ್ದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಗೆಲ್ಲಬಹುದಿತ್ತು ಎಂದು ಟೇಪಮ್ಮನಿಗೆ ಅನ್ನಿಸಿದ್ದುಂಟು. ಹೊರಡುವಾಗ ಅವಳು ಮೆತ್ತಗೆ ಹೇಳಿದಳು, "ಅತ್ತಿಗೆ, ಮುಂದಿನ ತಿಂಗಳು ರಜೆ ಹಾಕಿ ಬರ್ತೀನಿ. ಅಷ್ಟರಲ್ಲಿ ಅಮ್ಮ ತಾನಾಗೇ ಸ್ನಾನ ಮಾಡೋ ಹಾಗಾಗಿದ್ರೆ ಸರಿ. ಇಲ್ಲಾಂದ್ರೆ ನಾನು ಕರ್ಕೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ." ಅತ್ತೆಯನ್ನು ಕೇಳಿದರೆ, ಎಲ್ಲಾದರೇನು ಎಂದು ಸೂಜಿಗೆ ದಾರ ಪೋಣಿಸುತ್ತ ಕೂತರು. ಗಂಡ ಚಾವಣಿ ನೋಡಿದ. ಅಕ್ಕಪಕ್ಕದ ಮನೆಯ ಸೊಸೆಯರು ಈ ಸುದ್ದಿ ಕೇಳಿ, ಟೇಪಮ್ಮನಿಗೆ ಇನ್ನು ಆರಾಮ ಎಂದುಕೊಂಡರೋ ಏನೋ. ಆ ದಿನದಿಂದ ಟೇಪಮ್ಮ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಅವಳ ಕೊರಳಲ್ಲಿ ಸದಾ ಅಳತೆಯ ಟೇಪು ಜೋತಾಡುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಟೇಪಮ್ಮ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಎರಡು ಯಂತ್ರಗಳು ಎದುರುಬದುರು, ಒಂದು ಅತ್ತೆಯದು, ಒಂದು ಇವಳದು. ಈ ಮನೆಗೆ ಸೊಸೆಯಾಗಿ ಬಂದಾಗ ಇವಳಿಗೆ ಬಿಚ್ಚಿದ ಗುಂಡಿಯೊಂದನ್ನು ಹಾಕಲೂ ಬರುತ್ತಿರಲಿಲ್ಲ. ಮೊದಲ ವರ್ಷ ಅತ್ತೆ ಯಂತ್ರ ಮುಟ್ಟಗೊಡಲಿಲ್ಲ. ಹಳೆ ಬಟ್ಟೆ ಕೊಟ್ಟು, ಹೊಲಿಯೋದು ಆಮೇಲೆ, ಮೊದಲು ಹೊಲಿಗೆ ಬಿಚ್ಚೋದು ಕಲಿ ಎಂದರು. ಬಿಚ್ಚಿ ಬಿಚ್ಚಿ ಬೆರಳ ತುದಿಗಳು ಒಡೆದವು. ತವರಿಗೆ ಓಡಿಹೋಗಬೇಕೆಂದು ಎಷ್ಟೋ ಸಲ ಚೀಲಕ್ಕೆ ಬಟ್ಟೆ ತುಂಬಿದ್ದಳು. ಆಮೇಲೊಂದು ದಿನ ಅತ್ತೆ ತಮ್ಮ ಕೊರಳ ಟೇಪು ತೆಗೆದು ಇವಳ ಕೊರಳಿಗೆ ಹಾಕಿ, ಬಾಗಿಲಲ್ಲಿ ನಿಂತ ಗಿರಾಕಿಯ ಕಡೆ ಗದ್ದದಲ್ಲೇ ಸನ್ನೆ ಮಾಡಿದರು. ಅಷ್ಟೇ. ಹೊಗಳಿಕೆ ಎಂಬುದು ಅವರ ಬಾಯಿಂದ ಉದುರಿದ್ದು ಕಡಿಮೆ. ಕೂದಲು ನೆರೆತ ಸೊಸೆಯನ್ನು ಈಗಲೂ ಹುಡುಗಿ ಎಂದೇ ಕರೆಯುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರದೂ ಒಂದೇ ಕಾಲವಾಗಿ, ಎರಡು ಯಂತ್ರಗಳ ಸದ್ದು ಒಂದರೊಳಗೊಂದು ಸೇರಿಹೋಗಿತ್ತು. ಎದುರಿನ ಯಂತ್ರ ನಿಂತರೆ ಈ ಯಂತ್ರವನ್ನು ಯಾವ ಮುಖ ನೋಡಿಕೊಂಡು ಓಡಿಸಲಿ ಎಂಬುದೇ ಟೇಪಮ್ಮನ ಸಂಕಟ. ಅದನ್ನು ಬಾಯಿಬಿಟ್ಟು ಹೇಳಲು ಬಾರದೆ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು.

ಅತ್ತೆಯ ಅಂಗಡಿಗೆ ಎರಡು ಕಟ್ಟಳೆ. ಟೇಪಿಗೆ ನೀರು ತಾಗಬಾರದು, ನೀರು ಬಿದ್ದ ಟೇಪು ಸುಳ್ಳು ಹೇಳುತ್ತದೆ. ಎರಡನೆಯದು, ಗಿರಾಕಿಯ ಅಳತೆಗೆ ಕತ್ತರಿಸಿಟ್ಟ ಹಳೆಯ ಪೇಪರ್ ಕಟಿಂಗ್ ನಂಬಬಾರದು. ಗಿರಾಕಿ ಮೊನ್ನೆ ಬಂದು ಹೋದವನೇ ಆಗಿರಲಿ, ಇವತ್ತು ಬಂದರೆ ಇವತ್ತಿನ ಅಳತೆ. "ಪೇಪರ್ ನಂಬಬೇಡ, ಮೈ ನಂಬು" ಎಂಬ ಮಾತನ್ನು ಕೇಳಿ ಕೇಳಿ ಇವಳೂ ಅದನ್ನೇ ಗಿರಾಕಿಗಳಿಗೆ ಒಪ್ಪಿಸುತ್ತಿದ್ದಳು.

ಕೆಲಸಕ್ಕೆ ಗೊತ್ತು ಮಾಡಿದ ಮೇಸ್ತ್ರಿ ಬಾಯಿ ಜೋರಿನವನು, ಕೈ ಮೆತ್ತಗಿನವನು. ನೆಲದ ಗೆರೆಗಳನ್ನು ನೋಡಿ, ಅಕ್ಕ ಇದು ಬಚ್ಚಲೋ ಅಂಗಿಯೋ ಎಂದು ನಕ್ಕ. ಕಟ್ಟೆ ಒಡೆದು ಇಡೀ ನೆಲವನ್ನು ಒಂದೇ ಮಟ್ಟಕ್ಕೆ ತರುವುದು, ಕಾಲು ಎತ್ತದೆ ಸುಮ್ಮನೆ ನಡೆದು ಒಳಗೆ ಹೋಗುವ ಹಾಗೆ ಮಾಡುವುದು, ನೀರು ಹಿಂದಿನ ಜಾಲರಿಗೆ ಹೋಗಲು ನೆಲಕ್ಕೆ ಕಣ್ಣಿಗೆ ಕಾಣದಷ್ಟು ವಾಟ ಕೊಡುವುದು, ಜಾರದ ಒರಟು ಟೈಲ್ಸು, ಗೋಡೆಗೆ ಹಿಡಿದುಕೊಳ್ಳುವ ಕಂಬಿ, ಕೂರಲು ಕಲ್ಲಿನ ಆಸನ ಎಂದೆಲ್ಲ ಮಾತಾಯಿತು. ಮಾತಾಗಿದ್ದು ಮರುದಿನಕ್ಕೆ ಬದಲಾಯಿತು. ಟೈಲ್ಸಿನ ಅಂಗಡಿಯಲ್ಲಿ ಟೇಪಮ್ಮ ಚಪ್ಪಲಿ ಬಿಟ್ಟು ಒಂದೊಂದು ಟೈಲಿನ ಮೇಲೂ ನಿಂತು, ಕುಡಿಯಲು ತಂದಿದ್ದ ಬಾಟಲಿಯ ನೀರು ಚೆಲ್ಲಿ, ಕಾಲು ಉಜ್ಜಿ ನೋಡಿದಳು. ಅಂಗಡಿಯವನು ಒರೆಸುವ ಕೋಲು ಹಿಡಿದು ಅವಳ ಹಿಂದೆಯೇ ತಿರುಗಿದ. ಬೂದಿ ಬಣ್ಣದ್ದು ತಂದಳು, ಮನೆಗೆ ಬಂದ ಮೇಲೆ ನೆಲದಲ್ಲಿ ನೀರು ನಿಂತದ್ದು ಅತ್ತೆಯ ಕಣ್ಣಿಗೆ ಇದರಲ್ಲಿ ಕಾಣುವುದೇ ಎಂಬ ಅನುಮಾನ ಹುಟ್ಟಿ, ವಾಪಸು ಕೊಟ್ಟು ತಿಳಿ ಹಸಿರು ತಂದಳು. ಊಟದ ತಟ್ಟೆಯ ಮುಂದೆ ಕೂತಾಗಲೂ ಅವಳ ಬೆರಳು ಮೇಜಿನ ಮೇಲೆ ಬಾಗಿಲು, ಕಿಟಕಿ, ನಲ್ಲಿ ಎಂದು ಬರೆಯುತ್ತಿತ್ತು. ಹೊಲಿಯಲು ಕೂತರೆ ತೋಳು ತಿರುಗುಮುರುಗಾಗಿ ಸೇರಿಕೊಂಡಿತು. ಅದನ್ನು ನೋಡಿ ಅತ್ತೆ ಹೊಲಿಗೆ ಬಿಚ್ಚುವ ಮೊನೆಯನ್ನು ಇವಳ ಕಡೆ ತಳ್ಳಿದರು.

ಕಂಬಿ ಮತ್ತು ನಲ್ಲಿ ಎಷ್ಟೆತ್ತರಕ್ಕೆ ಬರಬೇಕು ಎಂಬ ಪ್ರಶ್ನೆ ಬಂದಾಗ ಮೇಸ್ತ್ರಿ, ಅಮ್ಮನನ್ನು ಒಂದು ಸಲ ಕರೆದು ನಿಲ್ಲಿಸೋಣ ಎಂದ. ಅತ್ತೆ ಕುರ್ಚಿಯಿಂದ ಏಳಲಿಲ್ಲ. ಕಾಲು ನೋವು ಎಂದರು. ಆಮೇಲೆ, "ನಂದೇನು ಹೊಸದಾಗಿ ಅಳತೆ? ಪೇಪರ್ ಇದೆಯಲ್ಲ" ಎಂದರು. ಅತ್ತೆಯ ತುಂಬು ತೋಳಿನ ನಿಲುವಂಗಿಯ ಪೇಪರ್ ಕಟಿಂಗ್ ಗೋಡೆಯ ಮೊಳೆಗೆ ವರ್ಷಗಟ್ಟಲೆಯಿಂದ ನೇತಾಡುತ್ತಿತ್ತು. ಟೇಪಮ್ಮ ಅದನ್ನು ಹೆಮ್ಮೆಯಿಂದಲೇ ಇಳಿಸಿದಳು. ಭುಜ ಇಲ್ಲಿ, ತೋಳಿನ ಉದ್ದ ಇಷ್ಟು, ನೆಲದಿಂದ ಭುಜದವರೆಗೆ ಅಷ್ಟು, ಕೈ ಚಾಚಿದರೆ ಇಲ್ಲಿಗೆ ಬರುತ್ತದೆ ಎಂದು ಬಚ್ಚಲಿನ ಗೋಡೆಯ ಮೇಲೆ ಗುರುತು ಹಾಕಿಕೊಟ್ಟಳು. ಮೂವತ್ತು ಜನರ ಮೈಯ ಅಳತೆ ಬಾಯಲ್ಲೇ ಹೇಳುವವಳು, ಸ್ವಂತ ಅತ್ತೆಯದು ತಪ್ಪುತ್ತಾಳೆಯೇ?

ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕಟ್ಟೆ ಒಡೆದಾಗಿತ್ತು. ನಲ್ಲಿಯ ಪೈಪು ಕೂರಿಸಲು ಮೇಸ್ತ್ರಿ ಬೆಳಿಗ್ಗೆಯಿಂದ ಗೋಡೆ ಕೊರೆಯುತ್ತಿದ್ದ. ಸಂಜೆಯೊಳಗೆ ಗಾರೆ ಮೆತ್ತಿಬಿಟ್ಟರೆ ಆಮೇಲೆ ಬ್ರಹ್ಮ ಬಂದರೂ ಬದಲಾಯಿಸಲು ಆಗುವುದಿಲ್ಲ, ಯೋಚನೆ ಇದ್ದರೆ ಈಗಲೇ ಹೇಳಿ ಎಂದು ಎಚ್ಚರಿಸಿಯೂ ಇದ್ದ. ಉಳಿ ಸುತ್ತಿಗೆಯ ಸದ್ದು ಅಂಗಡಿಯವರೆಗೆ ಬರುತ್ತಿತ್ತು. ಒಂದೊಂದು ಏಟಿಗೂ ಟೇಪಮ್ಮನ ಎದೆಯೊಳಗೆ ಏನೋ ಸರಿಯಿಲ್ಲ, ಏನೋ ಬಿಟ್ಟುಹೋಗಿದೆ ಎಂಬ ಕಸಿವಿಸಿ. ಏನೆಂದು ಮಾತ್ರ ಹೊಳೆಯದು. ಅಷ್ಟರಲ್ಲಿ ಶಾಲೆಯ ಮೇಷ್ಟ್ರು ಪ್ಯಾಂಟಿನ ಬಟ್ಟೆ ಹಿಡಿದು ಬಂದರು. ಇವಳು ಟೇಪು ತೆಗೆದಳು. ಅವರು ಮುಖ ಸಿಂಡರಿಸಿ, ಹೋದ ತಿಂಗಳು ತಾನೇ ತೆಗೆದುಕೊಂಡಿರಲ್ಲ, ಅದನ್ನೇ ಇಟ್ಟುಕೊಳ್ಳಿ ಎಂದರು.

"ಹಾಗಾಗಲ್ಲ ಮೇಷ್ಟ್ರೇ" ಎಂದಳು ಟೇಪಮ್ಮ ಅಭ್ಯಾಸಬಲದಿಂದ. "ಪೇಪರ್ ನಂಬಬಾರದು, ಮೈ..."

ಮಾತು ಅಲ್ಲಿಗೇ ನಿಂತಿತು. ಮೇಷ್ಟ್ರ ಸೊಂಟದ ಸುತ್ತ ಟೇಪು ಹಾಗೆಯೇ ಇತ್ತು. ಆ ಮಾತನ್ನು ಜೀವಮಾನವಿಡೀ ಹೇಳಿದ ಹೆಂಗಸು ತನ್ನ ವಿಷಯ ಬಂದಾಗ ಪೇಪರ್ ಇದೆಯಲ್ಲ ಎಂದಿದ್ದರು. ಇವಳು ಹೌದಲ್ಲ ಎಂದು ತಲೆಯಾಡಿಸಿ ಮೊಳೆಯಿಂದ ಇಳಿಸಿದ್ದಳು. ಟೇಪಮ್ಮ ತಿರುಗಿ ನೋಡಿದಳು. ಅತ್ತೆ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಅಂಗಿಯೊಂದಕ್ಕೆ ಗುಂಡಿಯ ಕಾಜ ಹಾಕುತ್ತಿದ್ದರು. ಮೊಣಕೈ ಮೈಗೆ ಅಂಟಿಕೊಂಡೇ ಇತ್ತು. ದಾರದುಂಡೆಗಳು ಮೇಲಿನ ಹಲಗೆಯಿಂದ ಕೆಳಗಿನ ಡಬ್ಬಿಗೆ ಯಾವಾಗ ಇಳಿದವು? ಸೆಕೆ ತಡೆಯಲಾರೆ ಎಂದು ಉದ್ದ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡರಲ್ಲ, ಸೆಕೆಗಾಲ ಮುಗಿದ ಮೇಲೆ ಯಾರಾದರೂ ಹಾಗೆ ಮಾಡುತ್ತಾರೆಯೇ? ಎಲ್ಲವೂ ಕಣ್ಣೆದುರೇ ನಡೆದಿತ್ತು.

ಮೇಷ್ಟ್ರನ್ನು ನಾಳೆ ಬನ್ನಿ ಎಂದು ಕಳಿಸಿ ಅವಳು ಅತ್ತೆಯ ಮುಂದೆ ನಿಂತಳು.

"ಅತ್ತೆ, ಕೈ ಎತ್ತಿ."

"ಯಾಕೆ?"

"ಅಳತೆ ತಗೋಬೇಕು."

"ಪೇಪರ್ ಇದೆ ಅಂದೆನಲ್ಲ."

"ಪೇಪರ್ ನಂಬಬೇಡ ಅಂತ ನನಗೆ ಹೇಳಿಕೊಟ್ಟಿದ್ದು ಯಾರು?"

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಬಲಗೈ ಎತ್ತಿದರು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ಇನ್ನೊಂದಿಷ್ಟು ಎತ್ತಲು ನೋಡಿದರು, ಕೈ ಮಡಿಲಿಗೆ ಬಿತ್ತು. ಎಡಗೈ ಅದಕ್ಕಿಂತ ಒಂದೆರಡು ಬೆರಳು ಮೇಲೆ ಹೋಯಿತು.

"ಇಷ್ಟೇ ಬರೋದು" ಎಂದರು. "ಆವತ್ತು ಕಟ್ಟೆ ಎಡವಲಿಲ್ಲ. ಮೇಲಿನ ನಲ್ಲಿ ಕೈಗೆ ಸಿಗಲಿಲ್ಲ. ಎಟುಕಿಸೋಕೆ ಹೋಗಿ ಬಿದ್ದೆ."

ಟೇಪಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ದಿನ ಬಾಯಿ ಬಿಡದೆ ನೆಲವನ್ನೆಲ್ಲ ಒಡೆಸಿದಿರಲ್ಲ, ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದು ಗದರಿಸಿಯೇ ಕೇಳಿದಳು. ಅತ್ತೆಯ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು.

ಅತ್ತೆ ಎದುರಿನ ತಮ್ಮ ಯಂತ್ರವನ್ನು ನೋಡುತ್ತ ಹೇಳಿದರು, "ಟೇಲರ್‌ಗೆ ಕಾಲು ಹೋದ್ರೆ ಮಿಷನ್‌ಗೆ ಮೋಟಾರ್ ಹಾಕ್ತಾರೆ. ಕೈ ಹೋಯ್ತು ಅಂದ್ರೆ ಮಿಷನ್ನೇ ಎತ್ತಿಡ್ತಾರೆ."

ಒಳಗಿನಿಂದ ಉಳಿಯ ಸದ್ದು ನಿಂತಿತ್ತು. ಸದ್ದು ನಿಂತಿತೆಂದರೆ ಗಾರೆ ಕಲಸುತ್ತಿದ್ದಾನೆ. ಟೇಪಮ್ಮ ಓಡಿದಳು. ಅಡುಗೆಮನೆಯ ಬಾಗಿಲಲ್ಲಿ ಮೊಣಕಾಲು ಬಡಿದುಕೊಂಡದ್ದು ಆಮೇಲೆ ಊದಿದಾಗಲೇ ತಿಳಿದದ್ದು. ಮೇಸ್ತ್ರಿ ಕರಣೆಯಲ್ಲಿ ಗಾರೆ ತುಂಬಿಕೊಂಡು ಗೋಡೆಯ ಮುಂದೆ ನಿಂತಿದ್ದ. ಬೇಡ, ಎಲ್ಲ ತಪ್ಪಾಗಿದೆ, ಎಲ್ಲವೂ ಕೆಳಗೆ ಬರಬೇಕು ಎಂದಳು. ಕೊರೆದ ಗೋಡೆಯನ್ನೂ ಇವಳನ್ನೂ ಮತ್ತೆ ಮತ್ತೆ ನೋಡಿ ಅವನು, ಅಕ್ಕ, ನೀವು ಬಟ್ಟೆ ಹೊಲಿಯುವಾಗಲೂ ಹೀಗೆಯೇ ಮಾಡುತ್ತೀರಾ ಎಂದು ಕೇಳಿದ. ಇನ್ನೂ ಏನೋ ಅನ್ನುವವನಿದ್ದ, ಬಾಗಿಲಲ್ಲಿ ಅತ್ತೆ ನಿಂತದ್ದನ್ನು ಕಂಡು ಬಾಯಿ ಮುಚ್ಚಿದ.

ಅತ್ತೆ ಇಟ್ಟಿಗೆ ಚೂರುಗಳ ನಡುವೆ ಕಾಲಿಟ್ಟು ನಿಧಾನ ಒಳಗೆ ಬಂದರು. ಕಾಲಿಗೆ ಏನೂ ಆಗಿರಲಿಲ್ಲ, ಚೆನ್ನಾಗಿಯೇ ನಡೆದರು. ಖಾಲಿ ಬಕೆಟ್ಟನ್ನು ಬೋರಲು ಹಾಕಿಸಿ ಅದರ ಮೇಲೆ ಕೂತು, ಕೈ ನೀಡಿ ಸೀಮೆಸುಣ್ಣ ಕೇಳಿದರು. ಎಡಗೈ, ಬಲಗೈ ಎಲ್ಲಿಯವರೆಗೆ ನೋವಿಲ್ಲದೆ ಹೋಗುತ್ತವೆಯೋ ಅಲ್ಲಲ್ಲಿ ಗೋಡೆಗೆ ತಾವೇ ಗೆರೆ ಎಳೆದರು. ಎದ್ದು ನಿಂತು ಇನ್ನೊಮ್ಮೆ ಎಳೆದರು. ಟೇಪಮ್ಮ ಹಾಕಿದ್ದ ಗುರುತು ಎಲ್ಲೋ ಮೇಲಿತ್ತು, ಇದು ಎಲ್ಲೋ ಕೆಳಗಿತ್ತು. ನಡುವಿನ ಗೋಡೆ ಖಾಲಿ. ಆ ಖಾಲಿಯನ್ನು ಅವಳು ಟೇಪು ಹಿಡಿದು ಅಳೆಯಲಿಲ್ಲ, ನೋಡಿದರೇ ಸಾಕಾಗಿತ್ತು. ಇಷ್ಟು ಕೆಳಗೆ ನಲ್ಲಿ ಇಟ್ಟರೆ ನೋಡಿದವರು ನಗುತ್ತಾರೆ ಎಂದ ಮೇಸ್ತ್ರಿ. ನಗುವವರು ಅವರವರ ಮನೆಯಲ್ಲಿ ಸ್ನಾನ ಮಾಡಲಿ ಎಂದರು ಅತ್ತೆ.

ಆಮೇಲೆ ಕೆಲಸ ಓಡಿತು. ನಲ್ಲಿ ಕೂತವರ ಕೈಗೆ ಸಿಗುವಂತೆ ಬಂತು. ಮೇಲಿನ ಷವರ್ ಹೋಗಿ, ಉದ್ದ ಕೊಳವೆಯ ಕೈಷವರ್ ಕೆಳಗಿನ ಕೊಕ್ಕೆಗೆ ಬಂತು. ಮೇಸ್ತ್ರಿ ರಸಮಟ್ಟ ಇಟ್ಟು ವಾಟ ನೋಡಿದ, ಅವನು ಹೋದ ಮೇಲೆ ಟೇಪಮ್ಮ ದಾರದುಂಡೆ ಬಿಟ್ಟು ಅದು ಜಾಲರಿಯ ಕಡೆಗೆ ಉರುಳುವುದೇ ಎಂದು ನೋಡಿದಳು. ಎಲ್ಲ ಸರಿಯಾಗುತ್ತ ಬಂದರೂ ಅವಳಿಗೆ ನೆಮ್ಮದಿಯಿಲ್ಲ. ಮೈಗೇನೋ ಕೈ ಎಟುಕುತ್ತದೆ, ತಲೆಗೆ? ಎದೆಯ ಮಟ್ಟದಿಂದ ಮೇಲೇರದ ಕೈಯಲ್ಲಿ ತಲೆ ಹೇಗೆ ತಿಕ್ಕುತ್ತಾರೆ? ಉದ್ದ ಹಿಡಿಯ ಕೋಲಿಗೆ ಒರಟು ಬಟ್ಟೆಯ ಚೀಲ ಹೊಲಿದು ಕೊಟ್ಟಳು. ಅತ್ತೆ ಅದರ ಹೊಲಿಗೆಯನ್ನು ಪರೀಕ್ಷಿಸಿ, ಚೆನ್ನಾಗಿದೆ, ಕಿಟಕಿ ಧೂಳು ಹೊಡೆಯಲು ಆಗುತ್ತದೆ ಎಂದು ಬದಿಗಿಟ್ಟರು. ತಾನಾಗಿಯೇ ಸ್ನಾನ ಮಾಡಬೇಕು ಎಂದಿದ್ದಳು ನಾದಿನಿ. ತಲೆಯನ್ನು ಬಿಟ್ಟು ಎಂದಿರಲಿಲ್ಲ.

ನಾದಿನಿ ಬಂದಳು, ಜೊತೆಗೆ ಅಮ್ಮನ ಬಟ್ಟೆಗೆಂದು ಖಾಲಿ ಸೂಟ್‌ಕೇಸು. ಹೊಸ ಬಚ್ಚಲನ್ನು ನೋಡಿ ನಿಜವಾಗಿಯೂ ಖುಷಿಪಟ್ಟಳು, ತಿಳಿ ಹಸಿರು ಟೈಲ್ಸಿನ ಮೇಲೆ ಬರಿಗಾಲಲ್ಲಿ ಆಚೀಚೆ ನಡೆದಳು. ಆದರೂ ಸೂಟ್‌ಕೇಸನ್ನು ನಡುಮನೆಯಲ್ಲೇ ಇಟ್ಟಳು. ಟವೆಲ್ ಹೆಗಲಿಗೆ ಹಾಕಿಕೊಂಡು ಅತ್ತೆ ಒಳಗೆ ಹೋಗಿ ಚಿಲಕ ಹಾಕಿದರು. ಚಿಲಕ ಬೇಡಮ್ಮ ಎಂಬ ಮಗಳ ಮಾತು ಬಾಗಿಲಿಗೆ ಬಡಿದು ಹಿಂದೆ ಬಂತು.

ನೀರಿನ ಸದ್ದು ಶುರುವಾಯಿತು. ಗಂಡ ಪೇಪರನ್ನು ತಲೆಕೆಳಗೆ ಹಿಡಿದು ಓದುತ್ತಿದ್ದ. ನಾದಿನಿ ಬಚ್ಚಲಿನ ಬಾಗಿಲ ಪಕ್ಕ ಮಣೆಯ ಮೇಲೆ ಕಿವಿಗೊಟ್ಟು ಕೂತಿದ್ದಳು. ಟೇಪಮ್ಮ ಅಡುಗೆಮನೆಗೆ ಹೋದಳು, ಬಂದಳು, ಒಣಗಿದ ಬಟ್ಟೆ ಮಡಚಿದಳು, ಮಡಚಿದ್ದನ್ನೇ ಕೊಡವಿ ಮತ್ತೆ ಮಡಚಿದಳು. ಒಳಗೆ ನೀರು ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನಾದಿನಿ ಅರ್ಧ ಎದ್ದು ನಿಂತಳು. ಆಗ ಚಿಲಕ ತೆಗೆದ ಸದ್ದಾಗಿ ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು.

"ಹುಡುಗೀ" ಎಂದು ಕರೆದರು ಅತ್ತೆ. "ತಲೆಗೆ ಕೈ ಹೋಗಲ್ಲ. ಬಾ."

ಮಗಳ ಎದುರೇ ಸೋಲೊಪ್ಪಿಕೊಂಡುಬಿಟ್ಟರಲ್ಲ ಎಂದು ಟೇಪಮ್ಮ ನಿಂತಲ್ಲೇ ನಿಂತಳು. ನಾದಿನಿ ಆಗಲೇ ತೋಳು ಮೇಲೇರಿಸಿ ಬಾಗಿಲಿಗೆ ಕೈ ಹಾಕಿದ್ದಳು. "ನಾನು ಬರ್ತೀನಮ್ಮ."

"ನೀನು ಬೇಡ."

"ನಾನು ನಿನ್ನ ಮಗಳಲ್ವಾ? ನನ್ನ ಹತ್ರ ಏನು ನಾಚಿಕೆ?"

"ಮಗಳು ಅಂತಲೇ ನಾಚಿಕೆ" ಎಂದಿತು ಒಳಗಿನ ದನಿ. "ಅವಳು ನನ್ನ ಅಳತೆ ತಗೊಂಡಾಯ್ತು. ಅವಳ ಹತ್ರ ಇನ್ನು ಮುಚ್ಚಿಡೋಕೆ ಏನಿದೆ?"

ನಾದಿನಿಯ ಕೈ ಬಾಗಿಲಿನಿಂದ ಇಳಿಯಿತು. ಅವಳು ಅತ್ತಿಗೆಯ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಟೇಪಮ್ಮ ಒಂದು ಕಾಲು ಒಳಗಿಟ್ಟದ್ದೇ ಅತ್ತೆ ತಡೆದರು. "ಟೇಪು ತೆಗೆದಿಟ್ಟು ಬಾ. ನೀರು ಬೀಳುತ್ತೆ." ಕೊರಳಲ್ಲಿ ಅದು ಇರುವುದೇ ಅವಳಿಗೆ ಮರೆತಿತ್ತು. ತೆಗೆದು ನಾದಿನಿಯ ಕೈಗೆ ಕೊಟ್ಟಳು. ಟೇಲರಿನ ಮಗಳಲ್ಲವೇ, ಎಷ್ಟೋ ವರ್ಷದಿಂದ ಟೇಪು ಮುಟ್ಟದಿದ್ದರೂ ಅವಳ ಬೆರಳುಗಳು ತಾವಾಗಿಯೇ ಅದನ್ನು ಗಟ್ಟಿಯಾಗಿ ಸುರುಳಿ ಸುತ್ತತೊಡಗಿದವು.

ಒಳಗೆ ಅತ್ತೆ ಕಲ್ಲಿನ ಆಸನದ ಮೇಲೆ ಟವೆಲ್ ಸುತ್ತಿಕೊಂಡು, ಕಂಬಿ ಹಿಡಿದು, ತಲೆ ಬಗ್ಗಿಸಿ ಕೂತಿದ್ದರು. ಭುಜಗಳು ಪೇಪರ್ ಕಟಿಂಗಿನ ಭುಜಗಳಾಗಿರಲಿಲ್ಲ, ಎಷ್ಟೋ ಒಳಕ್ಕೆ ಹೋಗಿದ್ದವು. ಟೇಪಮ್ಮ ಬೆಚ್ಚಗಿನ ನೀರು ಬಿಟ್ಟು, ನೆರೆತ ಗಿಡ್ಡ ಕೂದಲಿನೊಳಗೆ ಬೆರಳು ಇಳಿಸಿದಳು. ಮೆತ್ತಗೆ ತಿಕ್ಕಿದಳು.

"ಕಾಜ ಹಾಕ್ತಿದೀಯಾ? ಗಟ್ಟಿಯಾಗಿ ಉಜ್ಜು" ಎಂದರು ಅತ್ತೆ.

ಗಟ್ಟಿಯಾಗಿ ಉಜ್ಜಿದಳು. ಗೋಡೆಯಾಚೆ ನಾದಿನಿ ಅಣ್ಣನಿಗೆ ಏನೋ ಹೇಳಿದ್ದು ಕೇಳಿತು. ಏಣಿ ಎಳೆದ ಸದ್ದು. ಖಾಲಿ ಸೂಟ್‌ಕೇಸು ಅಟ್ಟದ ಅಂಚಿಗೆ ತಾಗಿ, ಒಳಕ್ಕೆ ಸರಿದ ಸದ್ದು. ಟೇಪಮ್ಮನ ಕೈ ಅತ್ತೆಯ ತಲೆಯ ಮೇಲೆ ಹಾಗೆಯೇ ನಿಂತಿತು.

"ಯಾಕೆ ನಿಲ್ಲಿಸಿದೆ?"

"ಏನಿಲ್ಲ ಅತ್ತೆ" ಎಂದು ಅವಳು ಮತ್ತೆ ನೀರು ಬಿಟ್ಟಳು.